ಕೂರಗೊಡದ ಮಧ್ಯಾಹ್ನ

ಕೋಳಿ ಶೆಡ್ಡಿನೊಳಗೆ ಜಗಳವಾಡುವುದಕ್ಕೂ ಒಂದು ಶಿಸ್ತು ಬೇಕು. ದನಿ ಏರಬಾರದು, ಕೈ ಬೀಸಬಾರದು, ಸಿಟ್ಟು ನೆತ್ತಿಗೇರಿದ್ದರೂ ಪಾದವನ್ನು ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಉಜ್ಜಿಕೊಂಡು ಮೆಲ್ಲಗೇ ಸಾಗಬೇಕು. ಒಬ್ಬರು ಕಿರುಚಿದರೆ ಸಾಕು, ಸಾವಿರಾರು ಕೋಳಿಗಳು ಒಂದು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಅಡಿಗೆ ಸಿಕ್ಕಿದವು ಉಸಿರುಕಟ್ಟಿ ಸಾಯುತ್ತವೆ. ಹಾಗಾಗಿ ಆ ಮನೆಯ ಇಬ್ಬರು ಸೊಸೆಯರು ಒಂದು ವರ್ಷದಿಂದ ಪಿಸುದನಿಯಲ್ಲೇ ಜಗಳವಾಡುತ್ತಿದ್ದರು. ಅದೂ ನೇರವಾಗಿ ಅಲ್ಲ, ಕೋಳಿಗಳ ಮೂಲಕ.

“ಕೇಳಿದ್ಯೇನೇ ಕೋಳಿ,” ಎನ್ನುತ್ತಿದ್ದಳು ದೊಡ್ಡವಳು, ಕಾಲಿಗೆ ಅಡ್ಡ ಬಂದ ಒಂದಕ್ಕೆ. “ಕೆಲವರಿಗೆ ನಲ್ಲಿ ತಿರುಗಿಸೋಕೆ ಬರುತ್ತೆ, ನಿಲ್ಲಿಸೋಕೆ ಬರಲ್ಲ.”

ಬಲೆಯ ಆಚೆಯಿಂದ ಚಿಕ್ಕವಳು ತನ್ನ ಕೋಳಿಗೆ ಸಮಾಧಾನ ಹೇಳುತ್ತಿದ್ದಳು. “ದೊಡ್ಡೋರ ವಿಷಯ ನಮಗ್ಯಾಕಮ್ಮಾ. ಅವರು ತಂಪಲ್ಲಿ ನಿಂತು ಮಾತಾಡ್ತಾರೆ. ನಾವು ಬಿಸಿಲ ಕಡೆಯೋರು.”

ಉದ್ದನೆಯ ಶೆಡ್ಡಿನ ನಟ್ಟನಡುವೆ ಅಡ್ಡಲಾಗಿ ಕಟ್ಟಿದ್ದ ಹಸಿರು ನೈಲಾನ್ ಬಲೆ ಅದು. ಒಂದು ತುದಿಗೆ ಕೆರೆ. ಅಲ್ಲಿಂದ ಒಂದಿಷ್ಟು ಗಾಳಿಯಾದರೂ ಬರುತ್ತದೆ. ಇನ್ನೊಂದು ತುದಿಗೆ ರಸ್ತೆ; ಅಲ್ಲಿಂದ ಬರುವುದು ಟಾರಿನ ಕಾವು ಮಾತ್ರ. ಹೋದ ಬೇಸಿಗೆಯಲ್ಲಿ ಬಲೆ ಇರಲಿಲ್ಲ. ಒಂದು ಮಧ್ಯಾಹ್ನ ಕೋಳಿಗಳು ಕೆರೆಯ ತುದಿಯಲ್ಲಿ ರಾಶಿಯಾಗಿ ಬಿದ್ದು ಸತ್ತವು. ನೀನು ಓಡಿ ಬೆದರಿಸಿದೆ ಎಂದಳು ದೊಡ್ಡವಳು. ನೀವು ಆ ಕಡೆ ಜಾಲರಿಗೆ ಇಳಿಬಿಟ್ಟ ಪರದೆ ಎತ್ತಿ ಗಾಳಿಯ ಆಸೆ ತೋರಿಸಿದಿರಿ ಎಂದಳು ಚಿಕ್ಕವಳು. ಮಾತಿಗೆ ಮಾತು ಬೆಳೆದು ಕೊನೆಗೆ ನಿನ್ನ ಕೋಳಿ ನಿನಗೆ, ನನ್ನ ಕೋಳಿ ನನಗೆ ಎಂಬಲ್ಲಿಗೆ ಬಂತು. ಚೀಟಿ ಎತ್ತಿದಾಗ ಕೆರೆಯ ಕಡೆ ದೊಡ್ಡವಳಿಗೆ ಹೋಯಿತು. ಅಣ್ಣತಮ್ಮಂದಿರ ನಡುವೆ ಮಾತ್ರ ಜಗಳವೇನೂ ಇರಲಿಲ್ಲ. ಏಣಿ ಹಿಡಿದವನೊಬ್ಬ, ಹತ್ತಿದವನೊಬ್ಬ, ನಗಾಡಿಕೊಂಡೇ ಹೆಂಡಂದಿರ ಜಗಳಕ್ಕೆ ಬಲೆ ಕಟ್ಟಿ, ಕೈ ತೊಳೆದುಕೊಂಡು ಊಟಕ್ಕೆ ಕೂತರು.

ಮರಿ ಕೊಡುವ ಕಂಪನಿಯ ಸೂಪರ್‌ವೈಸರ್ ಬಂದಾಗ ಅದನ್ನು ನೋಡಿ ತಲೆದೂಗಿದ್ದ. “ಜಗಳಕ್ಕೆ ಕಟ್ಟಿದ್ರೋ ಜಾಣತನಕ್ಕೆ ಕಟ್ಟಿದ್ರೋ, ಒಳ್ಳೇದಾಯ್ತು. ಸೆಖೆ ಜಾಸ್ತಿಯಾದ್ರೆ ಕೋಳಿ ಯಾರೂ ಬೆದರಿಸದೆ ತಾವಾಗೇ ತಂಪಿನ ಕಡೆ ಹೋಗಿ ಗುಡ್ಡೆ ಬೀಳ್ತವೆ. ಅಡ್ಡ ಒಂದಿದ್ರೆ ಅಷ್ಟು ನುಗ್ಗಲ್ಲ.” ಸೊಸೆಯರಿಬ್ಬರೂ ಈ ಮಾತು ಕೇಳಿಸಿಕೊಂಡಿದ್ದರು. ಆದರೆ ಅಷ್ಟು ಹೊತ್ತಿಗೆ ಅವರ ಜಗಳ ಕಾರಣವನ್ನು ಹಿಂದೆ ಬಿಟ್ಟು ತನ್ನ ಪಾಡಿಗೆ ಬಹಳ ದೂರ ನಡೆದುಹೋಗಿತ್ತು. ಅತ್ತೆಗೆ ಯಾರೂ ಇದನ್ನು ಹೇಳಲಿಲ್ಲ. ಅತ್ತೆಯ ಪಾಲಿಗೆ ಆ ಬಲೆ ಮನೆಯ ಮಾನ ಹರಾಜಿಗಿಟ್ಟ ಬಟ್ಟೆ.

ಸೂಪರ್‌ವೈಸರ್ ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದ. ಇನ್ನೊಂದು ಬೇಸಿಗೆ ಹೀಗೇ ಆದರೆ ಈ ಶೆಡ್ಡಿಗೆ ಮತ್ತೆ ಮರಿ ಇಳಿಸುವುದಿಲ್ಲ. ಮರಿ ಬರದಿದ್ದರೆ ಏನಾಗುತ್ತದೆಂದು ದೊಡ್ಡವಳಿಗೆ ಗೊತ್ತಿತ್ತು. ಪೇಟೆಯ ಪೇಂಟ್ ವ್ಯಾಪಾರಿ ಆಗಲೇ ಎರಡು ಸಲ ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದ. ಅವನಿಗೆ ಗೋದಾಮು ಬೇಕಿತ್ತು. ಅವಳ ಗಂಡನಿಗೂ ಆ ಕಡೆಗೇ ಮನಸ್ಸು. “ಪೇಂಟ್ ಡಬ್ಬಕ್ಕೆ ಬಾಯಾರಿಕೆ ಆಗಲ್ಲ ಕಣೇ,” ಎಂದು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಯಾವ ಕೋಣೆಯಲ್ಲೂ ಅವಳ ಮಾತು ನಡೆಯುತ್ತಿರಲಿಲ್ಲ. ಶೆಡ್ಡಿನಲ್ಲಿ ನಡೆಯುತ್ತಿತ್ತು. ಮರಿ ಯಾವಾಗ ಕಾವು ಕೊಡುವ ಬಲ್ಬಿನಡಿಯಿಂದ ಹೊರಬರಬೇಕು, ಪರದೆ ಎಷ್ಟು ಏರಬೇಕು, ಹೊಟ್ಟು ಯಾವಾಗ ತಿರುವಿಹಾಕಬೇಕು ಎಂದು ಅವಳು ಹೇಳಿದರೆ ಮಾವನೂ ಹೂಂ ಎನ್ನುತ್ತಿದ್ದರು.

ಮಾವ ಆ ಶೆಡ್ಡನ್ನು ಚಳಿಗೆ ಹೆದರಿ ಕಟ್ಟಿಸಿದ್ದು. ಅದಕ್ಕೇ ಅದರ ತಗಡಿನ ಮಾಡು ಅಷ್ಟು ತಗ್ಗು. ಅವರ ಕಾಲದಲ್ಲಿ ಮರಿಗಳು ಸಾಯುತ್ತಿದ್ದದ್ದು ಚಳಿಗೆ. ಬೇಸಿಗೆ ಎಂದರೆ ಗೋಣಿತಾಟು ಒದ್ದೆ ಮಾಡಿ ತೂಗಿಹಾಕುವ ನಾಲ್ಕು ದಿನದ ಕೆಲಸ. ಈಗ ಬೇಸಿಗೆ ಹೇಳದೆ ಕೇಳದೆ ಬೇಗ ಬಂದು, ಚಾಪೆ ಹಾಸಿಕೊಂಡು, ಹೋಗುವ ಮಾತೇ ಎತ್ತದ ನೆಂಟನಂತಾಗಿತ್ತು. ಚಳಿಗೆಂದು ತಗ್ಗಿಸಿದ ಮಾಡು ಈಗ ಕಾವಲಿಯ ಮುಚ್ಚಳದಂತೆ ಕೋಳಿಗಳ ತಲೆಯ ಮೇಲೆ ಕೂತಿತ್ತು. ಕೆರೆ ಅರ್ಧ ಒಣಗಿ ಅದರ ಗಾಳಿಗೂ ಹಿಂದಿನ ತಂಪಿರಲಿಲ್ಲ.

ಆ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಊರಿನ ಫ್ಯಾನುಗಳೆಲ್ಲ ಒಟ್ಟಿಗೆ ತಿರುಗಿ ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿತಂತೆ. ಜನರೇಟರು ಸ್ವಲ್ಪ ಹೊತ್ತು ಕೆಮ್ಮುತ್ತಾ ಓಡಿ, ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಗಂಡಸರಿಬ್ಬರೂ ಅದರ ಸುಟ್ಟ ಭಾಗವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಆಸ್ಪತ್ರೆಗೆ ಹಸುಗೂಸನ್ನು ಒಯ್ಯುವವರಂತೆ ಎದೆಗವಚಿಕೊಂಡು ಬೈಕಿನಲ್ಲಿ ಪೇಟೆಗೆ ಹೋದರು. ಹೋದವರಿಂದ ಸುದ್ದಿ ಇಲ್ಲ.

ಸೂಪರ್‌ವೈಸರ್ ದೊಡ್ಡವಳಿಗೆ ಫೋನ್ ಮಾಡಿದ. ಅವನ ದನಿಯೂ ಬಸವಳಿದಿತ್ತು. “ಮೇವಿನ ತಟ್ಟೆ ಮೇಲೆತ್ತಿದ್ದೀರಾ?”

“ಬೆಳಿಗ್ಗೇನೇ ಎತ್ತಿದೀನಿ.”

“ಒಳ್ಳೇದು. ತಿಂದ ಕೋಳಿ ಈ ಸೆಖೆಗೆ ಉಳಿಯಲ್ಲ. ಕೂರೋಕೆ ಬಿಡಬೇಡಿ ಅಮ್ಮಾ. ನಡೀತಾನೇ ಇರಿ. ಬೇರೆ ಶೆಡ್ಡುಗಳಿಂದ ಫೋನ್ ಬರ್ತಾನೇ ಇದೆ, ಒಂದರಲ್ಲೂ ಒಳ್ಳೆ ಸುದ್ದಿ ಇಲ್ಲ.”

ಫ್ಯಾನಿಲ್ಲದ ಶೆಡ್ಡಿನಲ್ಲಿ ಮಾಡಬಹುದಾದ ಕೆಲಸ ಅದೊಂದೇ. ಸೆಖೆಗೆ ಸೋತ ಕೋಳಿ ರೆಕ್ಕೆ ಹರಡಿ ಕೂತುಬಿಡುತ್ತದೆ. ಕೂತರೆ ಹೊಟ್ಟೆಯಡಿಯ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಬೇಯಿಸುತ್ತದೆ. ಯಾರಾದರೂ ಮೆಲ್ಲಗೆ ನಡೆದುಬಂದರೆ ಎದ್ದು ಎರಡು ಹೆಜ್ಜೆ ಸರಿಯುತ್ತದೆ. ಆ ಎರಡು ಹೆಜ್ಜೆಯಲ್ಲಿ ಬಿಸಿ ಹೊರಬೀಳುತ್ತದೆ. ಎದ್ದ ಕೋಳಿ ಮತ್ತೆ ಕೂರುವಷ್ಟರಲ್ಲಿ ಮತ್ತೆ ಬರಬೇಕು. ಬಲೆಯ ಈಚೆ ದೊಡ್ಡವಳು, ಆಚೆ ಚಿಕ್ಕವಳು, ಇಬ್ಬರೂ ಗಂಡಂದಿರ ಹಳೆಯ ನೀಲಿ ಅಂಗಿ ತೊಟ್ಟು, ತಲೆಗೆ ಒದ್ದೆ ಬಟ್ಟೆ ಸುತ್ತಿ, ಗೋಡೆಯಿಂದ ಬಲೆಗೆ, ಬಲೆಯಿಂದ ಗೋಡೆಗೆ ನಡೆಯುತ್ತಿದ್ದರು. ಬಲೆಯ ಬಳಿ ಇಬ್ಬರೂ ಎದುರಾದಾಗ ದೊಡ್ಡವಳು ಮಾಡು ನೋಡುತ್ತಿದ್ದಳು, ಚಿಕ್ಕವಳು ನೆಲ.

ನೀರೂ ಕೈಕೊಟ್ಟಿತು. ಮೇಲಿನ ತೊಟ್ಟಿಯ ನೀರು ಬಿಸಿಲಿಗೆ ಕಾದು ಚಹಾ ಸೋಸುವ ಹದಕ್ಕೆ ಬಂದಿತ್ತು. ಕೋಳಿಗಳು ಕೊಕ್ಕು ಹಾಕಿ ತಲೆ ಕೊಡವಿ ದೂರ ಸರಿದವು. ನೆಲದೊಳಗಿನ ಸಂಪಿನಲ್ಲಿ ತಣ್ಣನೆಯ ನೀರಿತ್ತು. ಪಂಪಿಲ್ಲದೆ ಕೈಯಲ್ಲೇ ಸೇದಿ ತರಬೇಕು. ಸಂಪಿನ ಕಲ್ಲಿನ ಮುಚ್ಚಳ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಇಬ್ಬರೂ ಹೋಗಿ. ಅಷ್ಟು ಹೊತ್ತು ನಾನು ನಡೀತೀನಿ.”

“ನಿಮ್ಮ ಮಂಡಿ ಅತ್ತೆ?” ಎಂದಳು ದೊಡ್ಡವಳು.

“ಮಂಡಿ ನಂದು, ನೋವು ನಂದು. ನಿನ್ನ ಗಂಟೇನು ಹೋಗುತ್ತೆ?”

“ಸುಮ್ಮನೆ ನಡೀರಿ ಅಷ್ಟೆ. ಏನನ್ನೂ ಮುಟ್ಟೋಕೆ ಹೋಗಬೇಡಿ.”

“ನಿಮ್ಮಿಬ್ಬರ ಗಂಡಂದಿರನ್ನ ಸಾಕಿದೋಳು ನಾನು. ಕೋಳಿ ಯಾವ ಲೆಕ್ಕ!” ಎಂದು ಅತ್ತೆ ಅಂಥದೇ ಹಳೆಯ ಅಂಗಿಯೊಂದನ್ನು ತೊಟ್ಟುಕೊಂಡು ಒಳಗೆ ಹೋದರು.

ಸಂಪಿನ ಬಳಿ ಇಬ್ಬರು ಸೊಸೆಯರೂ ಸೇರಿ ಮುಚ್ಚಳ ಸರಿಸಿದರು. ಹಗ್ಗ ಒಂದೇ ಇತ್ತು. ದೊಡ್ಡವಳು ಸೇದಿದಳು, ಚಿಕ್ಕವಳು ಸುರುವಿಕೊಂಡಳು. ನೀರು ತುಳುಕಿ ಪಾದಕ್ಕೆ ಬಿದ್ದಾಗ ಚಿಕ್ಕವಳ ಬಾಯಿಂದ ಹಾ ಎಂಬ ಸಣ್ಣ ಸುಖದ ಸದ್ದು ಹೊರಟಿತು. ನಾಚಿ ಬಕೆಟ್ಟಿಗೆ ಬೈದಳು. “ಸುಮ್ಮನಿರಕ್ಕಾಗಲ್ವಾ ನಿನಗೆ?” ದೊಡ್ಡವಳಿಗೆ ನಗು ಬಂತು. ಬಂದದ್ದನ್ನು ಹಗ್ಗದ ಜೊತೆ ಮತ್ತೆ ಸಂಪಿಗೆ ಇಳಿಸಿದಳು.

ಬಕೆಟ್ಟು ಹಿಡಿದು ವಾಪಸು ಬರುವಾಗ ಅವಳಿಗೆ ಮೊದಲು ಗೊತ್ತಾದದ್ದು ಕಿವಿಯಿಂದ. ಶೆಡ್ಡಿನ ಸದ್ದು ಜಾಗ ಬದಲಿಸಿತ್ತು. ಉದ್ದಕ್ಕೂ ಹರಡಿಕೊಂಡಿರಬೇಕಾದ ಏದುಸಿರಿನ ಗುಂಯ್ ಎಲ್ಲವೂ ಕೆರೆಯ ತುದಿಗೆ ಸರಿದು, ಅಲ್ಲಿ ಯಾರೋ ದಿಂಬಿನಡಿ ಬಾಯಿ ಮುಚ್ಚಿ ಹಿಡಿದಂತೆ ಕೇಳುತ್ತಿತ್ತು. ರಸ್ತೆಯ ಕಡೆ ಸದ್ದೇ ಇಲ್ಲ.

ಶೆಡ್ಡಿನ ಪಕ್ಕದ ತಂತಿ ಜಾಲರಿಯೊಳಗಿಂದ ನೋಡಿದಳು. ಬಲೆ ಒಂದು ಪಕ್ಕದ ಕಂಬಕ್ಕೆ ನೀಟಾಗಿ ಸುತ್ತಿಟ್ಟಿತ್ತು. ರಸ್ತೆಯ ಕಡೆಯ ಕೋಳಿಗಳೆಲ್ಲ, ಹಾಸಿದ್ದ ಬಿಳಿ ಜಮಖಾನೆ ತಾನೇ ಸುರುಳಿ ಸುತ್ತಿಕೊಳ್ಳುವಂತೆ, ಕೆರೆಯ ಕಡೆಗೆ ಹರಿಯುತ್ತಿದ್ದವು. ಯಾವುದೂ ಓಡುತ್ತಿರಲಿಲ್ಲ. ಬಾಯಿ ತೆರೆದುಕೊಂಡು, ತೂಗಾಡಿಕೊಂಡು, ಒಂದು ಇನ್ನೊಂದರ ಬೆನ್ನಿಗೆ ಎದೆಯೊತ್ತಿಕೊಂಡು ಹೋಗುತ್ತಿದ್ದವು. ತುದಿಯ ಗೋಡೆಯ ಬಳಿ ಆಗಲೇ ಅವು ಮೇಲೆ ಮೇಲೆ ಏರತೊಡಗಿದ್ದವು. ನಡುವಿನ ಖಾಲಿ ನೆಲದಲ್ಲಿ ಅತ್ತೆ ನಿಂತಿದ್ದರು, ಮುಖದಲ್ಲಿ ಮಗುವಿನ ಗೆಲುವು.

“ಬಿಚ್ಚಿಬಿಟ್ಟೆ!” ಎಂದರು ಸೊಸೆಯನ್ನು ಕಂಡು. “ಬಲೆ ತೂತಲ್ಲಿ ಕೊಕ್ಕು ತೂರಿಸ್ಕೊಂಡು ನನ್ನೇ ನೋಡ್ತಿದ್ವು ಕಣೇ, ಸ್ಕೂಲು ಗೇಟಲ್ಲಿ ಮಕ್ಕಳು ನೋಡ್ತವಲ್ಲ ಹಾಗೆ. ನೀವಿಬ್ಬರೂ ಕಿತ್ತಾಡ್ಕೊಳ್ಳಿ, ಅವೇನು ಪಾಪ ಮಾಡಿದ್ವು? ಇನ್ನಾದ್ರೂ ಒಂದಾಗಿ...”

ದೊಡ್ಡವಳ ಗಂಟಲಲ್ಲಿ ಒಂದು ಕಿರುಚು ಬಂದು ನಿಂತಿತು. ಅದನ್ನು ಅಲ್ಲೇ ಹಿಡಿದುಕೊಂಡಳು. ಈಗ ಕಿರುಚಿದರೆ ಉಳಿದರ್ಧವೂ ನುಗ್ಗುತ್ತದೆ. ಹಿಂದೆ ಬಂದ ಚಿಕ್ಕವಳಿಗೆ ತಿರುಗದೆಯೇ ಹೇಳಿದಳು.

“ಬಕೆಟ್ ಕೆಳಗಿಡು. ಸದ್ದಾಗಬಾರದು. ಮೇವಿನ ಕೋಣೆಯಿಂದ ಟಾರ್ಪಾಲ್ ತಗೊಂಡು ಬಾ. ಓಡಬೇಡ.”

“ಓಡಲ್ಲ ಅಕ್ಕ.”

ಪಕ್ಕದ ಸಣ್ಣ ಬಾಗಿಲಿನಿಂದ ದೊಡ್ಡವಳು ಒಳಹೊಕ್ಕು ಗೋಡೆಗೆ ಬೆನ್ನು ಸವರಿಕೊಂಡು ಕೆರೆಯ ತುದಿಗೆ ಹೋದಳು. ರಾಶಿಯ ಹಿಂದೆ ನಿಲ್ಲಲು ಒಂದು ಪಾದದಷ್ಟೇ ಜಾಗವಿತ್ತು. ಬಗ್ಗಿ ಮೇಲಿನವನ್ನು ಒಂದೊಂದಾಗಿ ಎರಡು ಕೈಯಲ್ಲಿ ಎತ್ತಿ, ರಸ್ತೆಯ ಕಡೆಗೆ ಮುಖ ಮಾಡಿಸಿ ಇಳಿಸತೊಡಗಿದಳು. ಕೆಂಡದ ಮೇಲಿಂದ ಎತ್ತಿದ ಪಾತ್ರೆಯಂತೆ ಬಿಸಿಯಾಗಿದ್ದವು. ಅಡಿಯಲ್ಲಿ ಕೆಲವು ಚಪ್ಪಟೆಯಾಗಿ, ಕತ್ತು ಪಕ್ಕಕ್ಕೆ ವಾಲಿಸಿ, ಬಿಟ್ಟ ಕಣ್ಣಲ್ಲಿ ಬಿದ್ದಿದ್ದವು. ಅವನ್ನು ಕಾಲಿನಿಂದ ಗೋಡೆಗೆ ಸರಿಸಿದಳು, ನೋಡಲಿಲ್ಲ. ನೋಡುವ ಹೊತ್ತು ಅದಲ್ಲ.

ಚಿಕ್ಕವಳು ಟಾರ್ಪಾಲ್ ತಂದಳು. ಮಂಡಿಯೆತ್ತರಕ್ಕೆ ಮಡಿಸಿ ಅಡ್ಡಲಾಗಿ ಹಿಡಿದರೆ ಅದೇ ನಡೆಯುವ ಗೋಡೆಯಾಗುತ್ತದೆ. ಆದರೆ ಶೆಡ್ಡಿನ ಅಗಲಕ್ಕೆ ಇಬ್ಬರು ಸಾಲರು. ನಡುವೆ ಜೋಲುಬಿದ್ದರೆ ಕೋಳಿಗಳು ಅಡಿಯಿಂದ ನುಸುಳುತ್ತವೆ. ಅತ್ತೆ ಇದ್ದಲ್ಲೇ ಕಂಬದಂತೆ ನಿಂತು ಅಳುತ್ತಿದ್ದರು. ಏನು ಮಾಡಿದೆನೆಂದು ಅಷ್ಟರಲ್ಲಿ ಅವರಿಗೂ ತಿಳಿದಿತ್ತು.

“ಅತ್ತೆ,” ಎಂದಳು ದೊಡ್ಡವಳು ಪಿಸುದನಿಯಲ್ಲೇ. “ಅಳೋದು ಆಮೇಲೆ. ಬಂದು ನಡುವೆ ಹಿಡೀರಿ.”

“ನಾನು ಮುಟ್ಟಿದ್ದೆಲ್ಲ...”

“ಮುಟ್ಟಿದ್ದಾಯ್ತಲ್ಲ. ಈಗ ಇದನ್ನ ಮುಟ್ಟಿ.”

ಮೂವರೂ ಕೆರೆಯ ಕಡೆಯ ಗೋಡೆಗೆ ಬೆನ್ನಾಗಿ, ರಸ್ತೆಯ ಕಡೆಗೆ ಮುಖಮಾಡಿ ಟಾರ್ಪಾಲ್ ಹಿಡಿದು ನಿಂತರು. ಹೆಜ್ಜೆ ಇಡುವುದು, ನಿಲ್ಲುವುದು. ಮುಂದಿನ ಸಾಲಿನ ಕೋಳಿಗಳು ಅಲುಗಿ ಆಚೆಯವನ್ನು ತಳ್ಳಿ, ತಳ್ಳಿದ್ದು ದೂರದವರೆಗೆ ಹೋಗಿ ಮುಟ್ಟುವತನಕ ಕಾಯುವುದು. ಮತ್ತೆ ಹೆಜ್ಜೆ. ಅವಸರ ಮಾಡಿ ಅಟ್ಟಿದರೆ ಅಟ್ಟಿದ ದಣಿವಿಗೇ ಸಾಯುತ್ತವೆ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯುತ್ತಿತ್ತು. ಒರೆಸಲು ಯಾರಿಗೂ ಕೈ ಇರಲಿಲ್ಲ.

“ನಿನ್ನ ಕಡೆ ಜೋಲು ಬೀಳ್ತಿದೆ,” ಎಂದಳು ದೊಡ್ಡವಳು.

“ನನ್ನ ಕಡೆ ಅಲ್ಲ. ಅತ್ತೆ ಎತ್ತಿ ಹಿಡಿದಿದಾರೆ, ಅದಕ್ಕೆ ಹಾಗೆ ಕಾಣ್ತಿದೆ.”

“ನನ್ನ ಮೇಲೆ ಯಾಕೆ ಹಾಕ್ತೀಯ? ನಾನು ಸರಿಯಾಗೇ ಹಿಡಿದಿದೀನಿ.”

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ದೊಡ್ಡವಳು.

“ನೀವೇ ಶುರು ಮಾಡಿದ್ದು,” ಎಂದಳು ಚಿಕ್ಕವಳು. ಒಂದು ಹೆಜ್ಜೆ ಆದಮೇಲೆ, ಕೋಳಿಗಳ ಮೇಲಿಂದ ಕಣ್ಣು ತೆಗೆಯದೆ, ಇನ್ನೂ ಮೆಲ್ಲನೆ ಹೇಳಿದಳು. “ಇವತ್ತು ಯಾರೂ ಓಡಲಿಲ್ಲ ಅಕ್ಕ.”

ದೊಡ್ಡವಳು ಹೆಜ್ಜೆ ಎತ್ತಿದಳು, ಇಟ್ಟಳು. ಮುಂದಿನ ಸಾಲು ಸರಿಯುವತನಕ ಕಾದಳು.

“ಇಲ್ಲ,” ಎಂದಳು. “ಯಾರೂ ಓಡಲಿಲ್ಲ. ಪರದೆಯನ್ನೂ ಯಾರೂ ಎತ್ತಲಿಲ್ಲ.”

ಮೂವರೂ ಮತ್ತೊಂದು ಹೆಜ್ಜೆ ಇಟ್ಟರು.

ಹಳೆಯ ಬಲೆಯ ಕೊಕ್ಕೆಗಳಿದ್ದ ನಡುಗಂಬದ ಬಳಿ ಬಂದಾಗ ಚಿಕ್ಕವಳು ನಿಂತಳು. ಕೋಳಿಗಳಲ್ಲಿ ಒಂದಷ್ಟು ಮುಂದೆ ಹೋಗಿದ್ದವು, ಒಂದಷ್ಟು ಟಾರ್ಪಾಲಿನ ಸಂದಿಯಿಂದ ನುಸುಳಿ ಹಿಂದೆ ಉಳಿದಿದ್ದವು. ಯಾರ ಕೋಳಿ ಯಾವುದೆಂದು ಈಗ ದೇವರೇ ಬಂದರೂ ಹೇಳಲಾರ. ಎಲ್ಲವೂ ಒಂದೇ ಬಿಳಿ, ಒಂದೇ ತೆರೆದ ಬಾಯಿ.

“ಇಲ್ಲೇ ಕಟ್ಟಣ್ವಾ?” ಎಂದಳು ಚಿಕ್ಕವಳು. ದನಿಯಲ್ಲಿ ಆಸೆಯೂ ಇರಲಿಲ್ಲ, ದೂರೂ ಇರಲಿಲ್ಲ. ಇಲ್ಲಿ ಕಟ್ಟಿದರೆ ಬಿಸಿಲ ಕಡೆಯವು ಮತ್ತೆ ಬಂದು ಬಲೆಗೆ ಒತ್ತಿಕೊಳ್ಳುತ್ತವೆ ಎಂದು ಅವಳಿಗೆ ಗೊತ್ತಿತ್ತು. ಒಂದು ವರ್ಷದಿಂದ ನೋಡುತ್ತಿದ್ದವಳು ಅವಳೇ.

ದೊಡ್ಡವಳು ಶೆಡ್ಡಿನ ಉದ್ದವನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು. ಅವಳ ಲೆಕ್ಕ ಸರಳವಾಗಿತ್ತು. ಕೆರೆಯ ಕಡೆಯ ಅರ್ಧವನ್ನು ಚೀಟಿಯಲ್ಲಿ ಗೆದ್ದದ್ದು ಅವಳು. ಬಲೆ ಇಲ್ಲೇ ಕಟ್ಟಿದರೆ ತನ್ನ ಅರ್ಧ ಬಹುಮಟ್ಟಿಗೆ ಉಳಿಯುತ್ತದೆ, ಇನ್ನೊಂದು ಅರ್ಧ ಸಂಜೆಯ ಹೊತ್ತಿಗೆ ಬಹುಮಟ್ಟಿಗೆ ಹೋಗುತ್ತದೆ. ಸೂಪರ್‌ವೈಸರ್ ಎಣಿಸುವುದು ಅರ್ಧಗಳನ್ನಲ್ಲ, ಶೆಡ್ಡನ್ನು. ಪೇಂಟ್ ವ್ಯಾಪಾರಿಯೂ ಶೆಡ್ಡನ್ನೇ ಅಳೆದಿದ್ದ.

“ಇಲ್ಲಿ ಬೇಡ,” ಎಂದಳು. “ಬಲೆ ಕೆರೆ ಕಡೆಗೆ, ಇನ್ನೂ ಮೂರು ಕಂಬ ಒಳಗೆ ಕಟ್ಟೋಣ. ಅಲ್ಲಿಂದ ಇಲ್ಲಿವರೆಗೂ ಸ್ವಲ್ಪ ಗಾಳಿ ಬರುತ್ತೆ, ಇವಕ್ಕೂ ಸಿಗಲಿ.”

“ಮೂರು ಕಂಬ ನಿಮ್ಮ ಜಾಗ ಅಕ್ಕ.”

“ಕೋಳಿ ಯಾರದು ಅಂತ ಗೊತ್ತಿಲ್ಲದ ಮೇಲೆ ಜಾಗ ಯಾರದಾದ್ರೇನು? ಕೇಳು. ಮರಿ ಇಳಿಸಿದಾಗ ಸುತ್ತ ನಿಲ್ಲಿಸ್ತೀವಲ್ಲ, ಆ ತಗ್ಗು ಜಾಲರಿ ಕೋಣೇಲಿದೆ. ಅದನ್ನ ರಸ್ತೆ ಕಡೆ ಮೂರು ಕಂಬ ಬಿಟ್ಟು ಇನ್ನೊಂದು ಅಡ್ಡ ಹಾಕೋಣ. ಗುಂಪು ಸಣ್ಣದಾದಷ್ಟೂ ಗುಡ್ಡೆ ಬೀಳಲ್ಲ. ರಸ್ತೆ ಕಡೆ ಕಮ್ಮಿ ಕೋಳಿ ಬಿಡೋಣ, ಕೆರೆ ಕಡೆ ಜಾಸ್ತಿ.”

ಟಾರ್ಪಾಲಿನ ನಡುವಿನಿಂದ ಅತ್ತೆ ತಲೆಯೆತ್ತಿದರು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. “ಅಂದ್ರೆ ಮೂರು ಪಾಲಾ?” ಎಂದರು ದಿಗಿಲಿನಿಂದ. “ನನಗಿರೋದು ಇಬ್ಬರೇ ಗಂಡುಮಕ್ಕಳು ಕಣೇ!”

ಚಿಕ್ಕವಳು ಮೊದಲು ನಕ್ಕಳು. ನಕ್ಕರೆ ಕೋಳಿಗಳು ಬೆದರುತ್ತವೆಂದು ತುಟಿ ಕಚ್ಚಿದಳು. ನಗು ಭುಜಕ್ಕಿಳಿದು ಅಲ್ಲಿಂದ ಟಾರ್ಪಾಲಿಗೆ ದಾಟಿ, ಟಾರ್ಪಾಲ್ ಇಡೀ ಗಡಗಡ ನಡುಗಿತು. ದೊಡ್ಡವಳು ಇನ್ನೊಂದು ತುದಿಯಲ್ಲಿ ಕಣ್ಣು ಮುಚ್ಚಿಕೊಂಡು ತಡೆದುಕೊಂಡಳು.

“ಮೂರನೇದು ನಿಮಗೆ,” ಎಂದಳು ಉಸಿರು ಸರಿಹೋದ ಮೇಲೆ. “ನಡೀಬೇಕು ಆದ್ರೆ. ಕೂತ್ರೆ ಪಾಲಿಲ್ಲ.”

ಬಲೆ ಕಟ್ಟುವುದು ಸಲೀಸಾಗಲಿಲ್ಲ. ಹೊಸ ಜಾಗದ ಕಂಬಗಳಲ್ಲಿ ಕೊಕ್ಕೆ ಇರಲಿಲ್ಲ. ದೊಡ್ಡವಳು ತಲೆಯ ಬಟ್ಟೆ ಬಿಚ್ಚಿ ಹರಿದು ಪಟ್ಟಿ ಮಾಡಿದಳು, ಚಿಕ್ಕವಳು ಹಲ್ಲಿನಲ್ಲಿ ಗಂಟು ಬಿಗಿದಳು. ಎರಡು ಸಲ ಬಿಚ್ಚಿಹೋಯಿತು. ಎರಡನೆಯ ಸಲ ಕೋಳಿಗಳು ಅಡಿಯಿಂದ ಹರಿದು ಬಂದಾಗ ಚಿಕ್ಕವಳು ಅಲ್ಲೇ ಅಡ್ಡ ಮಲಗಿಬಿಟ್ಟಳು, ಮೈಯನ್ನೇ ಅಡ್ಡಗಟ್ಟೆ ಮಾಡಿ. ಅವಳ ಬೆನ್ನ ಮೇಲೆ ಕೋಳಿಯೊಂದು ಹತ್ತಿ ನಿಂತು ಏದುಸಿರು ಬಿಡುತ್ತಿತ್ತು. “ಬೇಗ ಅಕ್ಕ,” ಎಂದಳು ಹೊಟ್ಟಿನಲ್ಲಿ ಮುಖವಿಟ್ಟುಕೊಂಡೇ. “ಇದು ಇಳಿಯೋ ಹಾಗೆ ಕಾಣ್ತಿಲ್ಲ.”

ರಸ್ತೆಯ ಕಡೆ ತಗ್ಗು ಜಾಲರಿಯನ್ನೂ ನಿಲ್ಲಿಸಿದ್ದಾಯಿತು. ಆಮೇಲೆ ನಡಿಗೆ. ಬಿಸಿಲ ತುದಿಯ ಪಾಲನ್ನು ದೊಡ್ಡವಳು ತಾನೇ ತೆಗೆದುಕೊಂಡಳು. ಚಿಕ್ಕವಳು ಬಾಯಿ ತೆರೆಯುವ ಮೊದಲೇ, “ನೀನು ಬೆಳಿಗ್ಗೆಯಿಂದ ಅಲ್ಲೇ ಬೆಂದಿದೀಯ. ನಡುವಿನದಕ್ಕೆ ಹೋಗು,” ಎಂದಳು. ಅಲ್ಲಿ ನಿಂತಾಗಲೇ ಅವಳಿಗೆ ಅದರ ನಿಜವಾದ ರುಚಿ ತಿಳಿದದ್ದು. ತಗಡಿನಿಂದ ಇಳಿಯುವ ಕಾವು ನೆತ್ತಿಯನ್ನು ಒತ್ತುತ್ತಿತ್ತು, ರಸ್ತೆಯ ಕಡೆಯಿಂದ ಬರುವ ಉರಿ ಪಕ್ಕೆಯನ್ನು ಸವರುತ್ತಿತ್ತು. ಒಂದು ವರ್ಷ ಈ ಕಡೆಯನ್ನು ಬಲೆಯ ತೂತುಗಳಿಂದ ಮಾತ್ರ ನೋಡಿದ್ದಳು.

ನಡೆದಳು. ಕೋಳಿಗಳು ಎದ್ದವು, ಕೂತವು. ಮತ್ತೆ ಎಬ್ಬಿಸಿದಳು. ಕೆಲವು ಏಳಲಿಲ್ಲ, ಅವನ್ನು ಎತ್ತಿ ಬಾಗಿಲ ಬಳಿ ಇಟ್ಟು ಬಂದು ಮತ್ತೆ ನಡೆದಳು. ನೀರಿಗೆ ಸರದಿ ಮಾಡಿಕೊಂಡರು, ಒಬ್ಬರು ತರುವಾಗ ಉಳಿದಿಬ್ಬರು ಮೂರೂ ಪಾಲಿನಲ್ಲಿ ನಡೆಯುವುದು. ಸಂಪಿನ ಮುಚ್ಚಳವನ್ನು ಮತ್ತೆ ಮುಚ್ಚುವ ಗೋಜಿಗೆ ಹೋಗಲಿಲ್ಲ. ಅತ್ತೆ ಕೆರೆಯ ಕಡೆ ಒಂದು ಕೈಯಿಂದ ಮಂಡಿ ಒತ್ತಿಕೊಂಡು ನಡೆಯುತ್ತಿದ್ದರು. ಕೋಳಿಗಳಿಗೆ ಏನೋ ಹೇಳುತ್ತಿದ್ದರು. ಕಿವಿಗೊಟ್ಟಾಗ ಕೇಳಿಸಿತು: “ಏಳ್ರೋ, ಏಳ್ರೋ. ನಿಮ್ಮನ್ನ ಕೂರಿಸಿದ್ರೆ ಅವಳು ನನ್ನ ಮಲಗಿಸ್ತಾಳೆ.”

ಗಾಳಿ ಬರಲಿಲ್ಲ. ಕರೆಂಟೂ ಬರಲಿಲ್ಲ. ಬಿಸಿಲು ಮಾತ್ರ, ಯಾರ ಮೇಲೂ ದಯೆಯಿಂದಲ್ಲ, ತನ್ನ ದಾರಿಯಲ್ಲಿ ತಾನು ವಾಲಿತು. ತಗಡಿನ ಚಟಪಟ ನಿಂತಿತು. ಕಾಲ ಬಳಿಯ ಕೋಳಿಯೊಂದು ಬಾಯಿ ಮುಚ್ಚಿದ್ದನ್ನು ದೊಡ್ಡವಳು ಕಂಡಳು. ಪಕ್ಕದ್ದನ್ನು ನೋಡಿದಳು, ಅದರದೂ ಮುಚ್ಚಿತ್ತು. ಯಾರಿಗೂ ಹೇಳದೆ ಇನ್ನೊಂದು ಸುತ್ತು ನಡೆದಳು, ಎಲ್ಲಿ ಹೇಳಿದರೆ ಮತ್ತೆ ತೆರೆಯುತ್ತವೋ ಎಂಬಂತೆ.

ಸೂಪರ್‌ವೈಸರ್ ಫೋನ್ ಮಾಡಿದಾಗ ಅವಳು ನಡೆಯುತ್ತಲೇ ಕಿವಿಗಿಟ್ಟುಕೊಂಡಳು.

“ಹೇಳಿ ಅಮ್ಮಾ. ನಿಮ್ಮ ಕಡೆ ಎಷ್ಟು ಹೋದವು? ಅವರ ಕಡೆ ಎಷ್ಟು?”

“ಕಡೆ ಗಿಡೆ ಇಲ್ಲ ಈಗ. ಶೆಡ್ಡಲ್ಲಿ ಹೋಗಿರೋದು ಬಾಗಿಲ ಹತ್ರ ಇದೆ, ನಾಳೆ ನೀವೇ ನೋಡಿ. ಉಳಿದಿರೋದು ನಿಂತಿದೆ.”

“ನಿಂತಿದೆಯಾ?”

“ನಿಂತಿದೆ.”

“ಈ ರಸ್ತೇಲಿ ಇವತ್ತು ನಿಂತಿರೋದು ನಿಮ್ಮದೊಂದೇ ಅಮ್ಮಾ,” ಎಂದ ಅವನು. ಅವನ ದನಿಯಲ್ಲಿ ಖುಷಿ ಇರಲಿಲ್ಲ. ದಿನವಿಡೀ ಬೇರೆ ಬಾಗಿಲುಗಳಲ್ಲಿ ನಿಂತು ಬಂದವನ ದನಿ ಅದು. “ಮರಿ ಕಳಿಸ್ತೀನಿ. ನಿಮಗೆ ಕಳಿಸದೆ ಇನ್ಯಾರಿಗೆ ಕಳಿಸಲಿ? ಮಾಮೂಲಿನಷ್ಟೇ ತಾನೇ?”

ದೊಡ್ಡವಳು ಅಡ್ಡ ನಿಲ್ಲಿಸಿದ ತಗ್ಗು ಜಾಲರಿಯ ಬಳಿ ಬಂದಿದ್ದಳು. ಚಿಕ್ಕವಳೂ ಆ ಕಡೆಯಿಂದ ಅಲ್ಲಿಗೇ ಬಂದು ನಿಂತಿದ್ದಳು, ಕೂದಲ ತುಂಬ ಹೊಟ್ಟು. ದೊಡ್ಡವಳು ಈ ಸಲ ಮಾಡು ನೋಡಲಿಲ್ಲ.

“ಬೇಡ. ಬೇಸಿಗೆಗೆ ಕಮ್ಮಿ ಇಳಿಸಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು.”

“ಅಷ್ಟು ದೊಡ್ಡ ಶೆಡ್ಡು ಬರಿದಾಗಿ ಕಾಣುತ್ತಲ್ಲಮ್ಮಾ. ಕಂಪನಿಯವರು ಒಪ್ಪಲ್ಲ.”

“ಒಪ್ಪಿಸಿ. ಇಲ್ಲಾಂದ್ರೆ ನನಗೆ ಫೋನ್ ಕೊಡಿ, ನಾನೇ ಒಪ್ಪಿಸ್ತೀನಿ. ಮಾಡು ಎತ್ತರ ಮಾಡೋವರೆಗೂ ಇಷ್ಟೇ. ಎತ್ತರ ಮಾಡೇ ಮಾಡ್ತೀವಿ.”

“ನಾಳೆ ಬರ್ತೀನಿ, ಕೂತು ಮಾತಾಡೋಣ.”

“ಕೂರೋ ಮಾತಿಲ್ಲ,” ಎಂದಳು ದೊಡ್ಡವಳು. ಚಿಕ್ಕವಳು ಆಗಲೇ ತಿರುಗಿ ತನ್ನ ಪಾಲಿನಲ್ಲಿ ನಡೆಯತೊಡಗಿದ್ದಳು. “ಮಧ್ಯಾಹ್ನ ಬನ್ನಿ, ಬಿಸಿಲು ಜೋರಾದಾಗ. ಹಳೇ ಅಂಗಿ ಹಾಕ್ಕೊಂಡು ಬನ್ನಿ. ನಡೆಯೋಕೆ ನಮಗೆ ಇನ್ನೂ ಒಬ್ಬರು ಬೇಕು.”